ಅಳತೆಯ ಹಿಂದೆ ಅಡಗಿದ ಹೆಸರುಗಳು

ತರಗತಿಯಲ್ಲಿ ಅಂದು ಮಾನಗಳ ಪಾಠ ನಡೆದಿತ್ತು. ಬಲಕ್ಕೆ ನ್ಯೂಟನ್, ಶಕ್ತಿಗೆ ಜೌಲ್, ವಿದ್ಯುತ್ ಪ್ರವಾಹಕ್ಕೆ ಆಂಪೇರ್, ರೋಧಕ್ಕೆ ಓಮ್, ಉಷ್ಣತೆಗೆ ಕೆಲ್ವಿನ್ ಎಂದು ನಾವು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆಯುತ್ತ ಹೋದೆವು. ನಮ್ಮ ಕಾಲೇಜಿಗೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ಸೀಮೆಗಳ ಹಳ್ಳಿಗಳಿಂದ ವಿದ್ಯಾರ್ಥಿನಿಯರು ಬರುತ್ತಾರೆ. ಅವರಲ್ಲಿ ಒಬ್ಬಳು ಎದ್ದು ನಿಂತಳು. "ಇವರೆಲ್ಲ ಗಂಡಸರೇ ಅಲ್ಲವೇ ಸಾರ್? ಮೇಡಂ ಕ್ಯೂರಿಯವರೊಬ್ಬರನ್ನು ಬಿಟ್ಟರೆ ಹೆಂಗಸರು ಯಾರೂ ಈ ಕೆಲಸ ಮಾಡಲಿಲ್ಲವೇ? ನಮ್ಮ ಕಡೆಯವರು ಒಬ್ಬರಾದರೂ ಇಲ್ಲವೇ?" ಎಂದು ಕೇಳಿದಳು.

"ಇದ್ದಾರಮ್ಮ, ನಾಳೆ ಹೇಳುತ್ತೇನೆ, ಕುಳಿತುಕೋ" ಎಂದು ಹೇಳಿ ನಾವು ಪಾಠವನ್ನು ಮುಂದುವರಿಸಿದೆವು. ಆದರೆ ಒಪ್ಪಿಕೊಳ್ಳಬೇಕಾದ ಮಾತೆಂದರೆ, ಆ ಕ್ಷಣದಲ್ಲಿ ನಮ್ಮ ಬಾಯಿಗೆ ಒಂದು ಹೆಸರೂ ಬರಲಿಲ್ಲ. ಹತ್ತು ವರ್ಷಕ್ಕೂ ಮೇಲ್ಪಟ್ಟು ಭೌತವಿಜ್ಞಾನವನ್ನು ಓದಿ, ಬೋಧಿಸಿ, ಈ ಪ್ರಶ್ನೆಗೆ ಉತ್ತರವನ್ನು ಸಿದ್ಧವಾಗಿ ಇಟ್ಟುಕೊಳ್ಳದಿದ್ದುದು ನಮ್ಮ ದೋಷ. ಈ ವಿಷಯ ಹೆಣ್ಣುಮಕ್ಕಳಿಗೆ ಹಿಡಿಸುವುದಲ್ಲ, ಬಿಟ್ಟುಬಿಡು ಎಂದು ಆಕೆಯ ಮನೆಯಲ್ಲಿ ಹಿರಿಯರು ಒತ್ತಾಯಿಸುತ್ತಿದ್ದರೆಂಬುದು ನಮಗೆ ಆಮೇಲೆ ತಿಳಿಯಿತು. ಆಕೆ ಕೇಳಿದ್ದು ಕೇವಲ ಕುತೂಹಲದಿಂದಲ್ಲ. ಮನೆಯಲ್ಲಿ ಕೊಡಬೇಕಾಗಿದ್ದ ಒಂದು ಉತ್ತರವನ್ನು ಆಕೆ ನಮ್ಮಿಂದ ಬಯಸಿದ್ದಳು. ಆ ಉತ್ತರವನ್ನೇ ವಾಚಕರ ಮುಂದೆಯೂ ಇಡುವುದು ಈ ಲೇಖನದ ಉದ್ದೇಶ.

ಕಲ್ಲಿನಲ್ಲಿ ಉಳಿದ ಹೆಸರು

ಹೆಂಗಸಿನ ಹೆಸರನ್ನು ನಮ್ಮ ನಾಡು ಬರೆದಿಡಲಿಲ್ಲವೆಂದಲ್ಲ. ಹೆಗ್ಗಡದೇವನಕೋಟೆಯ ಸೀಮೆಯ ಬೆಳತೂರಿನಲ್ಲಿ ೧೦೫೭ನೆಯ ಇಸವಿಯ ಪ್ರಸಿದ್ಧವಾದ ಒಂದು ಶಿಲಾಶಾಸನವಿದೆ. ದೇಕಬ್ಬೆ ಎಂಬಾಕೆ, ಗಂಡನಾದ ಏಚನು ಮರಣದಂಡನೆಗೆ ಗುರಿಯಾದನೆಂದು ಕೇಳಿ, ತಂದೆತಾಯಿಗಳು ತಡೆದರೂ ನಿಲ್ಲದೆ ಅಗ್ನಿಪ್ರವೇಶ ಮಾಡಿದ ಸಂಗತಿಯನ್ನು ಅದು ಕಾವ್ಯಮಯವಾಗಿ ಹೇಳುತ್ತದೆ. ಆಕೆಯ ಮನೋದಾರ್ಢ್ಯ ಸಾಮಾನ್ಯವಾದುದಲ್ಲ, ನಿಜ. ಆದರೆ ಆಕೆ ಹೇಗೆ ಸತ್ತಳೆಂಬುದನ್ನು ಕಲ್ಲು ವಿಸ್ತಾರವಾಗಿ ಹೇಳುತ್ತದೆಯೇ ಹೊರತು, ಬದುಕಿದ್ದಾಗ ಏನನ್ನು ಬಲ್ಲವಳಾಗಿದ್ದಳು, ಏನನ್ನು ಮಾಡಿದಳು ಎಂಬುದು ಆ ಕಾವ್ಯಕ್ಕೆ ಮುಖ್ಯವಾಗಲಿಲ್ಲ.

ಇದಾಗಿ ಸುಮಾರು ಒಂಬತ್ತು ಶತಮಾನಗಳು ಕಳೆದ ಮೇಲೆ ನಮ್ಮ ಬೆಂಗಳೂರಿನಲ್ಲಿಯೇ ಕೆಲವರು ಹೆಂಗಸರು ವಿಜ್ಞಾನದಲ್ಲಿ ದೊಡ್ಡ ಕೆಲಸವನ್ನು ಮಾಡಿದರು. ಅವರ ಕೆಲಸ ಇಂದಿಗೂ ನಮ್ಮ ಹೊಲಗದ್ದೆಗಳಲ್ಲಿ, ಮನೆಮನೆಗಳಲ್ಲಿ ನಡೆಯುತ್ತಿದೆ. ಅವರ ಹೆಸರು ಮಾತ್ರ ಯಾವ ಕಲ್ಲಿನ ಮೇಲೂ ಕಾಣುವುದಿಲ್ಲ. ಮೂವರನ್ನು ಮಾತ್ರ ಇಲ್ಲಿ ಪರಿಚಯ ಮಾಡಿಕೊಡುತ್ತೇವೆ.

ಮುಚ್ಚಿದ ಬಾಗಿಲು

ಮೊದಲನೆಯವರು ಕಮಲಾ ಭಾಗವತ್. ಮದುವೆಯ ನಂತರ ಕಮಲಾ ಸೊಹೊನಿ ಎಂದು ಹೆಸರಾದರು. ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಉನ್ನತ ಸ್ಥಾನದಿಂದ ಉತ್ತೀರ್ಣರಾದ ಇವರು ೧೯೩೩ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಅಂದು ಸಂಸ್ಥೆಯ ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ಹೆಂಗಸೆಂಬ ಒಂದೇ ಕಾರಣದಿಂದ ಅರ್ಜಿ ತಿರಸ್ಕೃತವಾಯಿತು. ಕಮಲಾ ಹಿಂದಿರುಗಲಿಲ್ಲ, ಗಾಂಧೀಜಿಯವರ ಮಾರ್ಗವನ್ನು ಹಿಡಿದು, ಪ್ರವೇಶ ಕೊಡುವವರೆಗೂ ಸತ್ಯಾಗ್ರಹ ಮಾಡುವುದಾಗಿ ಹಟ ಹಿಡಿದರು. ಕೊನೆಗೆ ಷರತ್ತುಗಳ ಮೇಲೆ ಪ್ರವೇಶ ದೊರೆಯಿತು: ಮೊದಲ ವರ್ಷ ಆಕೆಯನ್ನು ಖಾಯಂ ವಿದ್ಯಾರ್ಥಿನಿಯೆಂದು ಎಣಿಸತಕ್ಕದ್ದಲ್ಲ, ಮಾರ್ಗದರ್ಶಕರು ಹೇಳಿದರೆ ರಾತ್ರಿಯಲ್ಲಿಯೂ ದುಡಿಯಬೇಕು, ಪ್ರಯೋಗಶಾಲೆಯ ವಾತಾವರಣವನ್ನು ಕೆಡಿಸಬಾರದು.

ಈ ಅವಮಾನವನ್ನು ನುಂಗಿಕೊಂಡು, ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು ಮತ್ತು ದ್ವಿದಳಧಾನ್ಯಗಳಲ್ಲಿರುವ ಪ್ರೋಟೀನುಗಳನ್ನು ಕುರಿತು ಅವರು ಸಂಶೋಧನೆ ನಡೆಸಿದರು. ಮುಂದೆ ಕೇಂಬ್ರಿಡ್ಜಿನಲ್ಲಿ, ಸಸ್ಯಕೋಶಗಳ ಉಸಿರಾಟದಲ್ಲಿ ಪಾತ್ರ ವಹಿಸುವ ಸೈಟೋಕ್ರೋಮ್ ಸಿ ಎಂಬ ವಸ್ತುವಿನ ಮೇಲೆ ಕೆಲಸ ಮಾಡಿ ೧೯೩೯ರಲ್ಲಿ ಡಾಕ್ಟರೇಟ್ ಪಡೆದರು. ಅವರ ಕೆಲಸವನ್ನು ಕಂಡ ಮೇಲೆಯೇ ಬೆಂಗಳೂರಿನ ಸಂಸ್ಥೆಯ ಬಾಗಿಲು ಇತರ ಹೆಂಗಸರಿಗೂ ತೆರೆಯಿತು. ಆ ಬಾಗಿಲಿನ ಮೂಲಕ ಬಂದವರೇ ನಾವು ಮುಂದೆ ಹೇಳಲಿರುವ ಇಬ್ಬರು.

ವಜ್ರದ ಓಲೆ, ವಜ್ರದ ಬೆಳಕು

ಅನ್ನಾ ಮಣಿ ೧೯೧೮ರಲ್ಲಿ ತಿರುವಾಂಕೂರು ಸಂಸ್ಥಾನದ ಪೀರ್‌ಮೇಡಿನಲ್ಲಿ, ಏಲಕ್ಕಿ ತೋಟಗಳಿದ್ದ ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದರು. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯ ಪದ್ಧತಿಯಂತೆ ವಜ್ರದ ಓಲೆಗಳನ್ನು ಕೊಡಹೋದಾಗ, ಆ ಬಾಲಿಕೆ ಅದನ್ನು ಬೇಡವೆಂದು ಹೇಳಿ ಬ್ರಿಟಾನಿಕಾ ವಿಶ್ವಕೋಶವನ್ನು ಕೇಳಿದಳಂತೆ. ಆದರೆ ವಜ್ರದ ಸಹವಾಸ ಆಕೆಗೆ ತಪ್ಪಲಿಲ್ಲ. ಮದರಾಸಿನಲ್ಲಿ ಭೌತವಿಜ್ಞಾನದ ಆನರ್ಸ್ ಪದವಿಯನ್ನು ಪಡೆದು, ೧೯೪೦ರಲ್ಲಿ ಬೆಂಗಳೂರಿಗೆ ಬಂದು ರಾಮನ್ನರ ಪ್ರಯೋಗಶಾಲೆಯನ್ನು ಸೇರಿದಾಗ, ಅವರಿಗೆ ದೊರೆತ ವಿಷಯ ವಜ್ರ ಮತ್ತು ಮಾಣಿಕ್ಯಗಳ ಬೆಳಕೇ ಆಗಿತ್ತು.

ವಜ್ರದ ಮೇಲೆ ತಕ್ಕ ಬೆಳಕನ್ನು ಹಾಯಿಸಿದರೆ ಅದು ತಾನೇ ಮಂದವಾದ ಬೆಳಕನ್ನು ಸೂಸುತ್ತದೆ. ಈ ಬೆಳಕನ್ನು ಬಣ್ಣಬಣ್ಣವಾಗಿ ಬೇರ್ಪಡಿಸಿ ಛಾಯಾಫಲಕದ ಮೇಲೆ ಹಿಡಿಯಬೇಕು. ಬೆಳಕು ಅತ್ಯಲ್ಪವಾದುದರಿಂದ ಒಂದೊಂದು ಫಲಕವನ್ನೂ ಹದಿನೈದು, ಇಪ್ಪತ್ತು ಗಂಟೆಗಳ ಕಾಲ ಬೆಳಕಿಗೆ ಒಡ್ಡಬೇಕಾಗಿತ್ತು. ಎಷ್ಟೋ ವೇಳೆ ವಜ್ರವನ್ನು ದ್ರವರೂಪದ ಗಾಳಿಯ ಶೀತದಲ್ಲಿ ಇರಿಸಬೇಕಾಗಿತ್ತು. ಮೂವತ್ತಕ್ಕೂ ಹೆಚ್ಚು ವಜ್ರಗಳನ್ನು ಹೀಗೆ ಪರೀಕ್ಷಿಸಿ, ೧೯೪೨ರಿಂದ ೧೯೪೫ರವರೆಗೆ ಅವರು ಐದು ಪ್ರಬಂಧಗಳನ್ನು ಪ್ರಕಟಿಸಿದರು. ೧೯೪೫ರ ಆಗಸ್ಟಿನಲ್ಲಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಡಾಕ್ಟರೇಟ್ ಪದವಿಗಾಗಿ ಮಹಾಪ್ರಬಂಧವನ್ನು ಒಪ್ಪಿಸಿದರು. ಎಂ.ಎಸ್‌ಸಿ. ಪದವಿ ಇಲ್ಲವೆಂಬ ಕಾರಣದಿಂದ ವಿಶ್ವವಿದ್ಯಾನಿಲಯ ಪದವಿಯನ್ನು ಕೊಡಲಿಲ್ಲ. ಆ ಮಹಾಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ಪುಸ್ತಕಭಂಡಾರದಲ್ಲಿ ಉಳಿಯಿತು. ಅನ್ನಾ ಮಣಿ ಕೊನೆಯವರೆಗೂ 'ಡಾಕ್ಟರ್' ಆಗಲಿಲ್ಲ. ಅದಕ್ಕಾಗಿ ಅಳುತ್ತ ಕೂರಲೂ ಇಲ್ಲ.

ಅದೇ ವರ್ಷ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿಗೆ ಹೋದರು. ಭೌತವಿಜ್ಞಾನವನ್ನೇ ಮುಂದುವರಿಸುವ ಆಸೆಯಿತ್ತು; ದೊರೆತದ್ದು ಹವಾಮಾನ ಉಪಕರಣಗಳ ತರಬೇತಿ. ದೊರೆತುದನ್ನು ಬಿಡದೆ ಹಿಡಿದು ೧೯೪೮ರಲ್ಲಿ ಸ್ವತಂತ್ರ ಭಾರತಕ್ಕೆ ಹಿಂದಿರುಗಿ, ಪುಣೆಯಲ್ಲಿ ಹವಾಮಾನ ಇಲಾಖೆಯ ಉಪಕರಣ ವಿಭಾಗವನ್ನು ಸೇರಿದರು. ೧೯೫೩ರ ಹೊತ್ತಿಗೆ ಅವರು ಆ ವಿಭಾಗದ ಮುಖ್ಯಸ್ಥೆಯಾಗಿದ್ದರು. ಕೈಕೆಳಗೆ ದುಡಿಯುತ್ತಿದ್ದವರು ೧೨೧ ಮಂದಿ ಗಂಡಸರು.

ಎರಡು ಮಿಲಿಮೀಟರಿನ ಬೆಲೆ

ಸ್ವಾತಂತ್ರ್ಯಕ್ಕೆ ಮುಂಚೆ ಉಷ್ಣಮಾಪಕ, ವಾಯುಭಾರಮಾಪಕಗಳಂಥ ಸರಳ ಉಪಕರಣಗಳನ್ನು ಸಹ ಬ್ರಿಟನ್ನಿನಿಂದ ತರಿಸಬೇಕಾಗಿತ್ತು. ಇವುಗಳನ್ನು ಇಲ್ಲಿಯೇ ತಯಾರಿಸುವುದಕ್ಕಾಗಿ ಅನ್ನಾ ಮಣಿಯವರ ವಿಭಾಗ ಸುಮಾರು ನೂರು ಬಗೆಯ ಹವಾಮಾನ ಉಪಕರಣಗಳ ನಕ್ಷೆಗಳನ್ನು ಏಕರೂಪಗೊಳಿಸಿತು. ಕೇಳುವವರಿಗೆ ಇದು ಕೇವಲ ಕಾರಕೂನಿಕೆಯಂತೆ ತೋರಬಹುದು. ಹಾಗಲ್ಲವೆಂಬುದನ್ನು ಒಂದು ಲೆಕ್ಕದಿಂದ ತೋರಿಸುತ್ತೇವೆ.

ಉದಾಹರಣೆಗೆ ಮಳೆಮಾಪಕವನ್ನು ತೆಗೆದುಕೊಳ್ಳೋಣ. ತಾಲ್ಲೂಕು ಕಚೇರಿಯ ಆವರಣದಲ್ಲಿ ಇದನ್ನು ಅನೇಕರು ನೋಡಿರಬಹುದು. ಮೇಲೆ ಗುಂಡನೆಯ ಬಾಯಿಯುಳ್ಳ ಆಲಿಕೆ, ಒಳಗೆ ನೀರು ಕೂಡುವ ಸೀಸೆ, ಜೊತೆಗೆ ಗುರುತು ಹಾಕಿದ ಅಳತೆಯ ಗಾಜು, ಇಷ್ಟೇ ಅದರ ಭಾಗಗಳು. ಪ್ರತಿದಿನ ಬೆಳಿಗ್ಗೆ ೮-೩೦ ಗಂಟೆಗೆ ನೀರನ್ನು ಅಳೆದು ಬರೆಯುತ್ತಾರೆ. ಬಾಯಿಯ ವಿಸ್ತೀರ್ಣ ೨೦೦ ಚದರ ಸೆಂಟಿಮೀಟರ್ ಇರಬೇಕೆಂದು ಇಟ್ಟುಕೊಳ್ಳೋಣ. ಆಗ ಬಾಯಿಯ ವ್ಯಾಸ ಸುಮಾರು ೧೬ ಸೆಂಟಿಮೀಟರ್. ಈಗ ತಯಾರಿಸುವವನ ಅಜಾಗರೂಕತೆಯಿಂದ ವ್ಯಾಸ ೨ ಮಿಲಿಮೀಟರ್ ಹೆಚ್ಚಾಯಿತೆನ್ನೋಣ. ಕಣ್ಣಿಗೆ ಅದು ಗೊತ್ತಾಗುವುದೇ ಇಲ್ಲ. ಆದರೆ ವಿಸ್ತೀರ್ಣವು ವ್ಯಾಸದ ವರ್ಗಕ್ಕೆ ಅನುಗುಣವಾಗಿರುವುದರಿಂದ ಬಾಯಿ ಶೇಕಡ ಎರಡೂವರೆಯಷ್ಟು ದೊಡ್ಡದಾಗುತ್ತದೆ. ಅಷ್ಟೇ ಪ್ರಮಾಣದ ಹೆಚ್ಚು ಮಳೆಯನ್ನು ಅದು ಲೆಕ್ಕಕ್ಕೆ ತೋರಿಸುತ್ತದೆ.

ವರ್ಷಕ್ಕೆ ೮೦೦ ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಈ ತಪ್ಪು ೨೦ ಮಿಲಿಮೀಟರಾಗುತ್ತದೆ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ೪,೦೪೭ ಲೀಟರ್ ನೀರು. ಹೀಗಾಗಿ ಎಕರೆಯೊಂದಕ್ಕೆ ಸುಮಾರು ೮೧,೦೦೦ ಲೀಟರ್ ನೀರು ಬೀಳದೆಯೇ ಬಿದ್ದಂತಾಯಿತು! ಒಂದು ತಾಲ್ಲೂಕಿನ ಮಾಪಕ ಹೀಗೆ, ಪಕ್ಕದ ತಾಲ್ಲೂಕಿನದು ಇನ್ನೊಂದು ಹೀಗೆ ಇದ್ದರೆ ಎರಡು ಊರುಗಳ ಮಳೆಯನ್ನು ಹೋಲಿಸುವುದಾದರೂ ಹೇಗೆ?

ನಮ್ಮ ನಾಲ್ಕು ಸೀಮೆಗಳಲ್ಲಿ ಇದು ಬರಿಯ ಪುಸ್ತಕದ ಲೆಕ್ಕವಲ್ಲ. ಕೊಡಗಿನ ಅಂಚಿನ ಪಡುವಣ ಹಳ್ಳಿಗಳಲ್ಲಿ ಮಳೆ ಹೆಚ್ಚು. ಮೂಡಣಕ್ಕೆ ಬಂದಂತೆ ಕಡಿಮೆ. ಹುಣಸೂರು, ಪಿರಿಯಾಪಟ್ಟಣಗಳ ರೈತನು ಹೊಗೆಸೊಪ್ಪಿನ ಸಸಿಯನ್ನು ನಾಟಿ ಮಾಡುವುದು ಮುಂಗಾರಿನ ಮೊದಲ ಹದಮಳೆಯನ್ನು ನೆಚ್ಚಿ. ಕೃಷ್ಣರಾಜನಗರದ ಬತ್ತದ ಗದ್ದೆಗೆ ಕಾವೇರಿಯ ನಾಲೆಯ ನೀರು ಬರಬೇಕಾದರೆ ಮೇಲೆ ಕೊಡಗಿನಲ್ಲಿ ಮಳೆಯಾಗಬೇಕು. ೧೯೭೪ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ಬಾಗಿಲುಗಳನ್ನು ಎಂದು, ಎಷ್ಟು ಎತ್ತಬೇಕೆಂಬುದು ವಯನಾಡಿನ ಮಳೆಯನ್ನು ಅವಲಂಬಿಸಿದೆ. ಹವಾಮಾನವನ್ನು ಆಧರಿಸಿದ ಬೆಳೆವಿಮೆಯಲ್ಲಿ ಪರಿಹಾರದ ಹಣ ನಿರ್ಧಾರವಾಗುವುದೇ ಇಂಥ ಅಂಕಿಗಳಿಂದ. ಈಗ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಸ್ವಯಂಚಾಲಿತ ಮಾಪಕಗಳೂ ಬಂದಿವೆ. ಆದರೂ ಬಾಯಿಯ ಅಳತೆ ಸರಿಯಾಗಿರಬೇಕೆಂಬ ನಿಯಮ ಬದಲಾಗಲಿಲ್ಲ. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲು ಎಂಬುದು ಅನ್ನಾ ಮಣಿಯವರ ದೃಢವಾದ ನಂಬಿಕೆಯಾಗಿತ್ತು. ಸುಳ್ಳು ಅಂಕಿಯನ್ನು ನಂಬಿ ನಾಟಿ ಮಾಡಿದ ರೈತನಿಗೆ ಈ ಮಾತಿನ ಅರ್ಥ ನಮಗಿಂತ ಚೆನ್ನಾಗಿ ತಿಳಿದೀತು.

ಬಿಸಿಲನ್ನು ಅಳೆದದ್ದು

ಮಳೆಯಂತೆಯೇ ಬಿಸಿಲನ್ನೂ ಅಳೆಯಬಹುದು. ಕಪ್ಪು ಬಳಿದ ಒಂದು ಬಿಲ್ಲೆಯನ್ನು ಗಾಜಿನ ಗುಮ್ಮಟದೊಳಗೆ ಇಟ್ಟರೆ ಅದು ಬಿಸಿಲನ್ನು ಹೀರಿ ಕಾಯುತ್ತದೆ. ಬೇರೆ ಬೇರೆ ಲೋಹಗಳ ತಂತಿಗಳನ್ನು ಬೆಸೆದು, ಒಂದು ಬೆಸುಗೆಯನ್ನು ಕಾದ ಬಿಲ್ಲೆಗೂ ಇನ್ನೊಂದನ್ನು ತಣ್ಣಗಿರುವ ಭಾಗಕ್ಕೂ ತಗುಲಿಸಿದರೆ, ಉಷ್ಣತೆಯ ವ್ಯತ್ಯಾಸಕ್ಕೆ ಅನುಗುಣವಾಗಿ ಅತ್ಯಲ್ಪವಾದ ವಿದ್ಯುತ್ ವೋಲ್ಟತೆ ಹುಟ್ಟುತ್ತದೆ. ಅದನ್ನು ಅಳೆದರೆ ಬಿಸಿಲನ್ನು ಅಳೆದಂತೆ. ನಿರ್ಮಲವಾದ ಆಕಾಶವಿದ್ದಾಗ ನಡುಹಗಲಿನಲ್ಲಿ ಒಂದು ಚದರ ಮೀಟರಿನ ಮೇಲೆ ಸುಮಾರು ೧,೦೦೦ ವಾಟ್ ಬಿಸಿಲು ಬೀಳುತ್ತದೆ.

೧೯೫೭-೫೮ರಲ್ಲಿ ಜಗತ್ತಿನ ಅನೇಕ ರಾಷ್ಟ್ರಗಳು ಕೂಡಿ ಅಂತರರಾಷ್ಟ್ರೀಯ ಭೂಭೌತ ವರ್ಷವನ್ನು ಆಚರಿಸಿದಾಗ, ಅನ್ನಾ ಮಣಿಯವರು ಭಾರತದಲ್ಲಿ ಸೌರವಿಕಿರಣವನ್ನು ಅಳೆಯುವ ಕೇಂದ್ರಗಳ ಜಾಲವನ್ನು ಸ್ಥಾಪಿಸಿದರು. ವಾಯುಮಂಡಲದ ಓಜೋನನ್ನು ಅಳೆಯಲು ಬಲೂನಿನಲ್ಲಿ ಹಾರಿಬಿಡುವ ಉಪಕರಣವನ್ನು ನಿರ್ಮಿಸುವ ಕೆಲಸವನ್ನೂ ನಡೆಸಿದರು. ೧೯೬೩ರಲ್ಲಿ ವಿಕ್ರಮ್ ಸಾರಾಭಾಯಿಯವರ ಕೋರಿಕೆಯಂತೆ ತುಂಬಾ ರಾಕೆಟ್ ಕೇಂದ್ರದಲ್ಲಿ ಹವಾಮಾನ ವೀಕ್ಷಣಾಲಯವನ್ನು ಏರ್ಪಡಿಸಿದರು. ೧೯೭೬ರಲ್ಲಿ ಇಲಾಖೆಯ ಉಪಮಹಾನಿರ್ದೇಶಕಿಯಾಗಿ ನಿವೃತ್ತರಾದ ಮೇಲೆ ಮತ್ತೆ ಬೆಂಗಳೂರಿಗೆ ಬಂದು, ೧೯೮೦ರಲ್ಲಿ ಭಾರತದ ಸೌರವಿಕಿರಣದ ಅಂಕಿಗಳ ಕೈಪಿಡಿಯನ್ನು ಪ್ರಕಟಿಸಿದರು. ಗಾಳಿಯ ವೇಗ ಹಾಗೂ ಬಿಸಿಲನ್ನು ಅಳೆಯುವ ಉಪಕರಣಗಳನ್ನು ತಯಾರಿಸುವ ಒಂದು ಸಣ್ಣ ಕಾರ್ಯಾಗಾರವನ್ನೂ ನಡೆಸಿದರು. ಮನೆಯ ಮಾಳಿಗೆಯ ಮೇಲೆ ಸೌರಫಲಕವನ್ನು ಹಾಕಿಸುವಾಗ ಎಷ್ಟು ಬಿಸಿಲು ದೊರೆತೀತೆಂದು ನಾವು ಕೇಳುತ್ತೇವಷ್ಟೆ. ಆ ಪ್ರಶ್ನೆಗೆ ಅಂಕಿಗಳಲ್ಲಿ ಉತ್ತರ ಹೇಳುವ ದಾರಿಯನ್ನು ನಮ್ಮ ದೇಶದಲ್ಲಿ ಹಾಕಿಕೊಟ್ಟವರಲ್ಲಿ ಅವರು ಅಗ್ರಗಣ್ಯರು. ಅವರು ೨೦೦೧ರಲ್ಲಿ ತೀರಿಕೊಂಡರು.

ನಂಜನಗೂಡಿನ ವಕೀಲರ ಮಗಳು

"ನಮ್ಮ ಕಡೆಯವರು ಒಬ್ಬರಾದರೂ?" ಎಂಬುದು ಆ ವಿದ್ಯಾರ್ಥಿನಿಯ ಪ್ರಶ್ನೆಯ ಕೊನೆಯ ಭಾಗ. ಅದಕ್ಕೆ ಉತ್ತರ ರಾಜೇಶ್ವರಿ ಚಟರ್ಜಿ. ಹೆಗ್ಗಡದೇವನಕೋಟೆಯಿಂದ ಕಬಿನಿ ಹರಿದು ಹೋಗುವ ನಂಜನಗೂಡಿನಲ್ಲಿ ಇವರ ತಂದೆ ಶಿವರಾಮಯ್ಯನವರು ವಕೀಲರಾಗಿದ್ದರು. ಇವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರ ಹಾಗೂ ಗಂಡ ಬಿಟ್ಟ ಹೆಂಗಸರ ವಿದ್ಯೆಗಾಗಿ ದುಡಿದವರು. ೧೯೨೨ರಲ್ಲಿ ಹುಟ್ಟಿದ ರಾಜೇಶ್ವರಿಯವರಿಗೆ ಚಿಕ್ಕಂದಿನಲ್ಲಿ ಇತಿಹಾಸದ ಮೇಲೆ ಒಲವು. ಆದರೂ ಗಣಿತ, ಭೌತವಿಜ್ಞಾನಗಳನ್ನು ಆರಿಸಿಕೊಂಡು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್‌ಸಿ. ಮುಗಿಸಿ, ೧೯೪೩ರಲ್ಲಿ ವಿಜ್ಞಾನ ಸಂಸ್ಥೆಯ ವಿದ್ಯುತ್ ವಿಭಾಗವನ್ನು ಸೇರಿದರು. ೧೯೪೭ರಲ್ಲಿ ಹಡಗು ಹತ್ತಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ, ೧೯೫೩ರಲ್ಲಿ ಡಾಕ್ಟರೇಟ್ ಪಡೆದು ಹಿಂದಿರುಗಿ, ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು.

ಅವರ ವಿಷಯ ಸೂಕ್ಷ್ಮತರಂಗಗಳು. ಇವು ರೇಡಿಯೋ ಅಲೆಗಳ ಜಾತಿಯವೇ. ಉದ್ದ ಮಾತ್ರ ಚಿಕ್ಕದು, ಸುಮಾರು ಒಂದು ಮೀಟರಿನಿಂದ ಒಂದು ಮಿಲಿಮೀಟರಿನವರೆಗೆ. ನಮ್ಮ ಜೇಬಿನ ಮೊಬೈಲಿನ ಒಂದು ತರಂಗ ಸೆಕೆಂಡಿಗೆ ೧೮೦ ಕೋಟಿ ಸಲ ಕಂಪಿಸುತ್ತದೆಂದು ಇಟ್ಟುಕೊಂಡರೆ, ಬೆಳಕಿನ ವೇಗವನ್ನು ಆ ಸಂಖ್ಯೆಯಿಂದ ಭಾಗಿಸಿದಾಗ ಅಲೆಯ ಉದ್ದ ಸುಮಾರು ೧೭ ಸೆಂಟಿಮೀಟರ್ ಬರುತ್ತದೆ, ಎಂದರೆ ಒಂದು ಗೇಣಿಗಿಂತ ತುಸು ಕಡಿಮೆ. ಅಲೆಯನ್ನು ಬೇಕಾದ ದಿಕ್ಕಿಗೆ ಕಳುಹಿಸುವ, ಬಂದ ಅಲೆಯನ್ನು ಹಿಡಿಯುವ ಸಾಧನವೇ ಆಂಟೆನ. ಅದರ ಗಾತ್ರವೂ ಆಕಾರವೂ ಅಲೆಯ ಉದ್ದಕ್ಕೆ ಹೊಂದಿಕೊಂಡಿರಬೇಕು. ವಿಮಾನಕ್ಕೋ ಬಾಹ್ಯಾಕಾಶ ನೌಕೆಗೋ ಆಂಟೆನವನ್ನು ಕೂಡಿಸುವಾಗ ಅದು ಹಗುರವಾಗಿಯೂ ಇರಬೇಕು. ಪತಿಯಾದ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ರಾಜೇಶ್ವರಿಯವರು ದೇಶದ ಮೊದಮೊದಲ ಸೂಕ್ಷ್ಮತರಂಗ ಸಂಶೋಧನಾಲಯಗಳಲ್ಲಿ ಒಂದನ್ನು ಕಟ್ಟಿ, ಇಂಥ ಆಂಟೆನಗಳ ಮೇಲೆ ಕೆಲಸ ಮಾಡಿದರು. ವಿಭಾಗದ ಮುಖ್ಯಸ್ಥೆಯಾದರು, ಇಪ್ಪತ್ತು ಮಂದಿ ಸಂಶೋಧಕರಿಗೆ ಮಾರ್ಗದರ್ಶನ ನೀಡಿದರು. ೧೯೮೨ರಲ್ಲಿ ನಿವೃತ್ತರಾಗಿ, ೨೦೧೦ರಲ್ಲಿ ತೀರಿಕೊಂಡರು.

ಏಕೆ ಮರೆತೆವು?

ಹೆಂಗಸರೆಂಬ ಉಪೇಕ್ಷೆ ಒಂದು ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಅರ್ಜಿಯ ತಿರಸ್ಕಾರ, ಷರತ್ತಿನ ಪ್ರವೇಶಗಳೇ ಅದಕ್ಕೆ ಸಾಕ್ಷಿ. ಆದರೆ ಇನ್ನೊಂದು ಕಾರಣವನ್ನೂ ವಾಚಕರು ಗಮನಿಸಬೇಕು. ಹೊಸ ನಿಯಮವನ್ನು ಕಂಡುಹಿಡಿದವರ ಹೆಸರು ಆ ನಿಯಮಕ್ಕೆ ಅಂಟಿಕೊಳ್ಳುತ್ತದೆ. ಉಪಕರಣವನ್ನು ಸರಿಪಡಿಸಿದವರ ಹೆಸರು ಉಪಕರಣಕ್ಕೆ ಅಂಟುವುದಿಲ್ಲ. ಮಾಪಕ ತಪ್ಪಿದರೆ ಎಲ್ಲರೂ ಬೈಯುತ್ತಾರೆ; ಸರಿಯಾಗಿದ್ದರೆ ಯಾರೂ ಅದರ ಕಡೆಗೆ ನೋಡುವುದಿಲ್ಲ. ಅನ್ನಾ ಮಣಿಯವರ ಕೆಲಸ ಎಷ್ಟು ಯಶಸ್ವಿಯಾಯಿತೋ ಅಷ್ಟೂ ಕಣ್ಣಿಗೆ ಮರೆಯಾಯಿತು. ನಮ್ಮ ಹಳ್ಳಿಗಳಲ್ಲಿ ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವ, ಒಣಗಿದ ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸುವ ಹೆಂಗಸರ ಕೆಲಸವೂ ಹೀಗೆಯೇ. ಹರಾಜಿನ ಚೀಟಿಯಲ್ಲಿ ಅವರ ಹೆಸರು ಇರುವುದಿಲ್ಲ. ಆದರೆ ಸೊಪ್ಪಿನ ಬೆಲೆ ನಿಲ್ಲುವುದು ಅವರ ಕಣ್ಣಿನ ಮೇಲೆ.

ಮರುದಿನ ನಾವು ಈ ಮೂವರ ಸಂಗತಿಯನ್ನು ತರಗತಿಯಲ್ಲಿ ಹೇಳಿ, ಮನೆಯಲ್ಲಿ ಮಳೆಯನ್ನು ಅಳೆಯುವ ಒಂದು ಅಭ್ಯಾಸವನ್ನು ಕೊಟ್ಟೆವು. ವಾಚಕರೂ ಇದನ್ನು ಮಾಡಿ ನೋಡಬಹುದು. ತಳವು ಚಪ್ಪಟೆಯಾಗಿ, ಪಕ್ಕಗಳು ನೇರವಾಗಿರುವ ಒಂದು ಡಬ್ಬಿಯನ್ನು ಮರ, ಸೂರುಗಳಿಂದ ದೂರವಾದ ಬಯಲಿನಲ್ಲಿ, ಬಾಯಿ ನೆಲದಿಂದ ಒಂದು ಅಡಿ ಎತ್ತರಕ್ಕೆ ಬರುವಂತೆ ನಿಲ್ಲಿಸಿ, ಪ್ರತಿದಿನವೂ ಬೆಳಿಗ್ಗೆ ೮-೩೦ಕ್ಕೆ ನೀರಿನ ಆಳವನ್ನು ಅಳತೆಪಟ್ಟಿಯಿಂದ ಅಳೆದು, ಬರೆದು, ನೀರನ್ನು ಚೆಲ್ಲಬೇಕು.

ವಾರದ ಮೇಲೆ ಆ ವಿದ್ಯಾರ್ಥಿನಿ ತನ್ನ ನೋಟುಪುಸ್ತಕವನ್ನು ತಂದು ತೋರಿಸಿದಳು. ಮೊದಲ ಎರಡು ದಿನಗಳ ಅಂಕಿಗಳನ್ನು ಹೊಡೆದುಹಾಕಿದ್ದಳು. ಕಾರಣವನ್ನು ಕೇಳಿದೆವು. "ಮೊದಲು ಬಾಯಿ ಅಗಲವಾದ ಪಾತ್ರೆ ಇಟ್ಟಿದ್ದೆ ಸಾರ್. ತಳ ಚಿಕ್ಕದಾದ್ದರಿಂದ ನೀರಿನ ಆಳ ಹೆಚ್ಚಾಗಿ ಬಂತು. ಅದು ತಪ್ಪು ಅಳತೆ. ಆಮೇಲೆ ನೇರವಾದ ಡಬ್ಬಿ ಇಟ್ಟೆ. ಈಗ ನಮ್ಮ ತಾತನೂ ಬೆಳಿಗ್ಗೆ ಎದ್ದು ಎಷ್ಟಾಯಿತಮ್ಮ ಮಳೆ ಎಂದು ನನ್ನನ್ನೇ ಕೇಳುತ್ತಾರೆ" ಎಂದಳು.

ವಿಷಯವನ್ನು ಬಿಟ್ಟುಬಿಡೆಂದು ಹೇಳುತ್ತಿದ್ದವರಲ್ಲಿ ಆ ತಾತನೂ ಒಬ್ಬರು. ಆಕೆ ಈಗಲೂ ನಮ್ಮ ತರಗತಿಯಲ್ಲಿಯೇ ಇದ್ದಾಳೆ.